ವೋಟರ್ಸ್ ಪೋರ್ಟಲ್: ಅರ್ಜಿ ಹಾಕುವುದು ಸಲೀಸು, ಕನ್ನಡ ಕಾಗುಣಿತ ನಿಮ್ಮ ಹೊಣೆ

ಮೊಬೈಲ್ ನಂಬರು, ಒಂದು ಫೋಟೊ, ವಯಸ್ಸಿಗೊಂದು ವಿಳಾಸಕ್ಕೊಂದು ದಾಖಲೆ. ಇಷ್ಟಿದ್ದರೆ ಚುನಾವಣಾ ಆಯೋಗದ ವೋಟರ್ಸ್ ಪೋರ್ಟಲ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6, ತುಂಬಲು ಕಾಲು ಗಂಟೆ ಸಾಕು. ಶುಲ್ಕವಿಲ್ಲ, ಸೈಬರ್ ಸೆಂಟರ್‌ನವರು ಕೇಳುವ ದುಡ್ಡು ಅವರ ಕೂಲಿ ಅಷ್ಟೆ. ಅರ್ಜಿ ತೆಗೆದುಕೊಳ್ಳುವ ಮಟ್ಟಿಗೆ ಸೇವೆ ಚೆನ್ನಾಗಿದೆ. ತೊಂದರೆಯೆಂದರೆ, ತಪ್ಪು ತುಂಬಿದ ಅರ್ಜಿಯೂ ಅಷ್ಟೇ ಸಲೀಸಾಗಿ ಒಳಗೆ ಹೋಗಿಬಿಡುತ್ತದೆ.

ಎಡವುವುದು ಮೊದಲ ಹೆಜ್ಜೆಯಲ್ಲೇ. ನಮೂನೆ 6 ಇರುವುದು ಮೊದಲ ಸಲ ಹೆಸರು ಸೇರಿಸುವವರಿಗೆ ಮಾತ್ರ. ಹಾಸನದಿಂದ ಬೆಂಗಳೂರಿಗೆ ಮನೆ ಬದಲಿಸಿದವರು, ಹೆಸರು ತಿದ್ದಿಸಬೇಕಾದವರು, ಮತದಾರರ ಕಾರ್ಡು ಕಳೆದುಕೊಂಡವರು ಎಲ್ಲರಿಗೂ ನಮೂನೆ 8. 2022ರ ಆಗಸ್ಟ್ 1ಕ್ಕೆ ಮುಂಚೆ ಬೇರೆ ವಿಧಾನಸಭಾ ಕ್ಷೇತ್ರಕ್ಕೆ ಹೋದವರೂ ನಮೂನೆ 6 ಕೊಡಬೇಕಿತ್ತು. ಆ ಹಳೆಯ ಸಲಹೆ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಕಾರ್ಡಿದ್ದೂ ನಮೂನೆ 6 ಹಾಕಿದರೆ ಅರ್ಜಿ ತಿರಸ್ಕಾರವಾಗಬಹುದು, ಇಲ್ಲವೇ ಎರಡು ಕಡೆ ಹೆಸರು ಉಳಿಯಬಹುದು. ಎರಡನೆಯದೇ ಹೆಚ್ಚು ಅಪಾಯ: ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇವೆ.

ಪೋರ್ಟಲ್‌ನ ದೊಡ್ಡ ಕೊರತೆ ಕನ್ನಡದ್ದು. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದ ಕೂಡಲೇ ಕನ್ನಡ ಖಾನೆ ತಾನೇ ತುಂಬಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಲ-ಳ, ನ-ಣ, ಹ್ರಸ್ವ-ದೀರ್ಘಗಳ ಗೊಡವೆ ಇಲ್ಲ. ಕಾಳಪ್ಪ ಕಲಪ್ಪನಾಗಬಹುದು, ವೀಣಾ ವಿನಾ ಆಗಬಹುದು. ಖಾನೆಯನ್ನು ತಿದ್ದಲು ಬರುತ್ತದೆ, ಆದರೆ ತಿದ್ದಿ ಎಂದು ಯಾರೂ ಹೇಳುವುದಿಲ್ಲ. ನಿಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ಬೀದಿಯ ಹೆಸರು ಮೂರನ್ನೂ ಓದಿಯೇ ಸಲ್ಲಿಸಿ. ಮನೆಹೆಸರಿನ ಖಾನೆ 'ಇದ್ದರೆ' ಮಾತ್ರ ತುಂಬುವಂಥದ್ದು. ಇನಿಷಿಯಲ್ ಇಟ್ಟುಕೊಂಡ ನಮ್ಮವರು ಅಲ್ಲಿ ಸುಮ್ಮನೆ ಏನನ್ನೋ ತುರುಕಬೇಕಿಲ್ಲ.

ವಿಳಾಸಕ್ಕೆ ಆಧಾರ್, ಪಾಸ್‌ಬುಕ್, ಪಾಸ್‌ಪೋರ್ಟ್, ನೀರಿನ ಅಥವಾ ಕರೆಂಟ್ ಬಿಲ್ ನಡೆಯುತ್ತದೆ. ಬಾಡಿಗೆದಾರರು ಗಮನಿಸಬೇಕಾದ್ದು: ಪಟ್ಟಿಯಲ್ಲಿರುವುದು ನೋಂದಾಯಿತ ಬಾಡಿಗೆ ಕರಾರು. ಬೆಂಗಳೂರಿನಲ್ಲಿ ಛಾಪಾ ಕಾಗದದ ಮೇಲೆ ಬರೆಸುವ 11 ತಿಂಗಳ ಅಗ್ರಿಮೆಂಟ್ ಸಾಮಾನ್ಯವಾಗಿ ನೋಂದಣಿಯೇ ಆಗಿರುವುದಿಲ್ಲ. ಹಾಗೆಂದು ಕೈಚೆಲ್ಲಬೇಕಿಲ್ಲ, ಯಾವ ದಾಖಲೆಯೂ ಇಲ್ಲದವರಿಗೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಸ್ಥಳಕ್ಕೆ ಬಂದು ಪರಿಶೀಲಿಸುವ ದಾರಿಯಿದೆ. ಮನೆಯವರಲ್ಲಿ ಯಾರಾದರೂ ಆಗಲೇ ಪಟ್ಟಿಯಲ್ಲಿದ್ದರೆ ಅವರ ಎಪಿಕ್ ಸಂಖ್ಯೆ (ಮತದಾರರ ಕಾರ್ಡಿನ ನಂಬರು) ಬರೆಯಿರಿ. ಗಂಡನಿಗೊಂದು ಮತಗಟ್ಟೆ, ಹೆಂಡತಿಗೊಂದು ಮತಗಟ್ಟೆ ಆಗುವುದು ಬಹಳ ಮಟ್ಟಿಗೆ ತಪ್ಪುತ್ತದೆ.

ಸಲ್ಲಿಸಿದ ಮೇಲೆ ಬರುವ ರೆಫರೆನ್ಸ್ ನಂಬರನ್ನು ಬರೆದಿಟ್ಟುಕೊಳ್ಳಿ. ಮುಂದಿನ ಕೆಲಸ ವೆಬ್‌ಸೈಟಿನದಲ್ಲ, ಬಿಎಲ್‌ಒ ಅವರದು. ಅವರು ಬಹಳ ಕಡೆ ಶಾಲಾ ಶಿಕ್ಷಕರು ಇಲ್ಲವೇ ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ಕೆಲಸದ ನಡುವೆ ಬರುವವರು. ಅವರು ಬಂದಾಗ ಮನೆಗೆ ಬೀಗ ಹಾಕಿದ್ದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ವಾರವಾದರೂ ಸ್ಥಿತಿ ಕದಲದಿದ್ದರೆ ಪೋರ್ಟಲ್‌ನಲ್ಲೇ ನಿಮ್ಮ ಬಿಎಲ್‌ಒ ಯಾರೆಂದು ಹುಡುಕಿ ಫೋನ್ ಮಾಡುವುದು, ಇಲ್ಲವೇ 1950ಕ್ಕೆ ಕರೆ ಮಾಡುವುದು ಲೇಸು. ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ದಿನದ ಲೆಕ್ಕವೂ ಕೈಕೊಡುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಗೆ ಯಾರ ಹೆಸರೂ ಸೇರುವುದಿಲ್ಲ, ಅದಕ್ಕೂ ಮುಂಚೆ ಆಕ್ಷೇಪಣೆಗೆ 7 ದಿನ ಬಿಡಬೇಕು. 2024ರ ಲೋಕಸಭಾ ಚುನಾವಣೆಯ ವೇಳಾಪಟ್ಟಿ ಹೊರಬಿದ್ದದ್ದು ಮಾರ್ಚ್ 16ಕ್ಕೆ. ಏಪ್ರಿಲ್ 26ರಂದು ಮತದಾನವಾದ ರಾಜ್ಯದ 14 ಕ್ಷೇತ್ರಗಳಿಗೆ ನಾಮಪತ್ರದ ಕೊನೆಯ ದಿನ ಏಪ್ರಿಲ್ 4. ಅಂದರೆ ಘೋಷಣೆ ಕೇಳಿ ಎಚ್ಚೆತ್ತವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಹತ್ತು ದಿನ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಈ ನಾಲ್ಕರಲ್ಲಿ 18 ತುಂಬಿದ ನಂತರ ಮೊದಲು ಬರುವ ದಿನಕ್ಕೆ ಅರ್ಹತೆ ಲೆಕ್ಕ.

ವಿದೇಶದ ಪೌರತ್ವ ಪಡೆಯದೆ ದುಬೈಯಲ್ಲೋ ಸಿಂಗಪುರದಲ್ಲೋ ಇರುವವರಿಗೆ ನಮೂನೆ 6ಎ. ಪಾಸ್‌ಪೋರ್ಟಿನಲ್ಲಿರುವ ಊರಿನ ಪಟ್ಟಿಗೆ ಹೆಸರು ಸೇರುತ್ತದೆ, ಆದರೆ ಕಾರ್ಡು ಸಿಗುವುದಿಲ್ಲ. ಮೂಲ ಪಾಸ್‌ಪೋರ್ಟ್ ಹಿಡಿದು ಆ ಮತಗಟ್ಟೆಗೇ ಬರಬೇಕು.