ಫಿಟ್ಸ್ ಇರುವ ಮಗುವಿಗೆ ಡಿಎಲ್‌ಎ ನಿರಾಕರಣೆ: ಬ್ರಿಟನ್ನಿನ ಮೇಲ್ಮನವಿ ವ್ಯವಸ್ಥೆಯ ವಿಮರ್ಶೆ

ಬ್ರಿಟನ್ನಿನಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಕೊಡುವ ಡಿಸೆಬಿಲಿಟಿ ಲಿವಿಂಗ್ ಅಲೋಯೆನ್ಸ್, ಅಂದರೆ ಡಿಎಲ್‌ಎ, ಅಪಸ್ಮಾರದ ವಿಷಯ ಬಂದಾಗ ಎಡವುವುದು ಒಂದೇ ಜಾಗದಲ್ಲಿ. ಮಗುವಿಗೆ ಏನೇನು ಮಾಡಿಸಬೇಕು ಎಂದು ಅರ್ಜಿ ಪುಟಗಟ್ಟಲೆ ಕೇಳುತ್ತದೆ. ಫಿಟ್ಸ್ ಬರುವ ಮಗುವಿಗೆ ಮಾಡಿಸುವ ಕೆಲಸಕ್ಕಿಂತ ಕಾಯುವ ಕೆಲಸವೇ ಹೆಚ್ಚು. ‘ವಾರಕ್ಕೊಂದು ಫಿಟ್ಸ್, ಮಿಕ್ಕಂತೆ ಆರಾಮಾಗಿ ಆಡಿಕೊಂಡಿರುತ್ತಾನೆ’ ಎಂಬ ಸಾಲು ಕಡತದಲ್ಲಿ ಸೇರಿದರೆ ಸಾಕು, ನಿರಾಕರಣೆಗೆ ಬೇರೆ ಕಾರಣ ಬೇಡ. ಆ ಪತ್ರ ಬಂದ ಮೇಲೆ ಎರಡು ಹಂತಗಳಿವೆ. ಅಂಕ ಕೊಡುವುದಾದರೆ ಮೊದಲನೆಯದಕ್ಕೆ 5ಕ್ಕೆ 2, ಎರಡನೆಯದಕ್ಕೆ 4.

ಇದು ಇಂಗ್ಲೆಂಡ್ ಮತ್ತು ವೇಲ್ಸ್‌ನ ಲೆಕ್ಕ. ಸ್ಕಾಟ್ಲೆಂಡಿನಲ್ಲಿರುವುದು ಚೈಲ್ಡ್ ಡಿಸೆಬಿಲಿಟಿ ಪೇಮೆಂಟ್. ಅದರ ಗಡುವುಗಳೇ ಬೇರೆ.

ಹೊರಡುವ ಮೊದಲು ನಿರಾಕರಣೆ ಯಾವ ಕಾರಣಕ್ಕೆ ಎಂದು ಪತ್ರದಲ್ಲಿ ಹುಡುಕಿ. ವಾಸದ ನಿಯಮಕ್ಕೆ ಬಿದ್ದಿದ್ದರೆ ಡಾಕ್ಟರ ಪತ್ರ ಎಷ್ಟಿದ್ದರೂ ಉಪಯೋಗವಿಲ್ಲ. 3 ವರ್ಷ ದಾಟಿದ ಮಗು ಹಿಂದಿನ 12 ತಿಂಗಳಲ್ಲಿ ಕನಿಷ್ಠ 6 ತಿಂಗಳು ಬ್ರಿಟನ್ನಿನಲ್ಲಿ ಇದ್ದಿರಬೇಕು. ವೀಸಾದ ಮೇಲೆ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’, ಅಂದರೆ ಪಟ್ಟಿಯಲ್ಲಿರುವ ಸರ್ಕಾರಿ ಭತ್ಯೆಗಳನ್ನು ಪಡೆಯುವಂತಿಲ್ಲ, ಎಂದಿದ್ದರೆ ಇನ್ನೂ ಎಚ್ಚರ ಬೇಕು. ಡಿಎಲ್‌ಎ ಆ ಪಟ್ಟಿಗೆ ಸೇರಿದ ಭತ್ಯೆ, ಹಕ್ಕುದಾರ ಮಗು, ಆದ್ದರಿಂದ ಮಗುವಿನ ವೀಸಾ ಸ್ಟೇಟಸ್ ಮುಖ್ಯವಾಗುತ್ತದೆ. ಇಂಥ ಸಂದರ್ಭದಲ್ಲಿ ಇಮಿಗ್ರೇಷನ್ ಸಲಹೆಗಾರರನ್ನು ಕೇಳದೆ ಒಂದು ಸಹಿಯನ್ನೂ ಹಾಕಬೇಡಿ.

ಮೊದಲ ಹಂತ ಮ್ಯಾಂಡೇಟರಿ ರಿಕನ್ಸಿಡರೇಷನ್, ಅಂದರೆ ಕಡ್ಡಾಯ ಮರುಪರಿಶೀಲನೆ. ನಿರ್ಧಾರ ಮಾಡಿದ ಇಲಾಖೆಯೇ ಅದನ್ನು ಮತ್ತೆ ನೋಡುತ್ತದೆ. ಇದನ್ನು ದಾಟದೆ ಎರಡನೆಯ ಹಂತವಾದ ಟ್ರಿಬ್ಯುನಲ್, ಅಂದರೆ ಮೇಲ್ಮನವಿ ಕೇಳುವ ನ್ಯಾಯಮಂಡಳಿಯ, ಬಾಗಿಲು ತೆರೆಯುವುದಿಲ್ಲ. ಗಡುವು ಒಂದು ತಿಂಗಳು, ಅದೂ ಪತ್ರದ ಮೇಲಿನ ತಾರೀಖಿನಿಂದ. ಅಂಚೆ ಕೈಸೇರಿದ ದಿನದಿಂದಲ್ಲ. ತಡವಾಗಿದ್ದರೆ ಸರಿಯಾದ ಕಾರಣ ಬರೆದು 13 ತಿಂಗಳವರೆಗೂ ಕೇಳಿಕೊಳ್ಳಬಹುದು. ಫೋನಿನಲ್ಲೂ ಕೇಳಬಹುದು, ಆದರೆ ಸಿಆರ್‌ಎಂಆರ್1 ಫಾರ್ಮ್ ತುಂಬಿ ಕಳಿಸಿ ನಕಲು ಇಟ್ಟುಕೊಳ್ಳುವುದೇ ಕ್ಷೇಮ. ಅರ್ಜಿದಾರರಿಗೆ ಒಂದು ತಿಂಗಳ ಗಡುವು ಹಾಕಿದ ಕಾನೂನು, ಉತ್ತರ ಕೊಡುವ ಇಲಾಖೆಗೆ ಯಾವ ಗಡುವನ್ನೂ ಹಾಕಿಲ್ಲ. ಅಂಕ ಕಡಿಮೆ ಕೊಟ್ಟದ್ದಕ್ಕೆ ಇದೊಂದು ಕಾರಣ. ಇನ್ನೊಂದು, ಹಳೆಯ ಕಾಗದಗಳನ್ನೇ ಮತ್ತೆ ನೋಡಿದರೆ ಉತ್ತರವೂ ಹಳೆಯದೇ ಬರುತ್ತದೆ. ಹೊಸ ದಾಖಲೆ ಕೈಗೆ ಬರುವುದು ತಡವಾಗುವಂತಿದ್ದರೆ ಮನವಿಯನ್ನು ಗಡುವಿನೊಳಗೆ ಕಳಿಸಿ, ದಾಖಲೆ ಹಿಂದೆ ಬರುತ್ತದೆಂದು ಅದರಲ್ಲೇ ಬರೆಯಿರಿ.

ಏನು ಬರೆಯಬೇಕು ಎಂಬುದರಲ್ಲೇ ಸೋಲು ಗೆಲುವು ಇರುವುದು. ಅಪಸ್ಮಾರ ಎಂಬ ರೋಗಕ್ಕೆ ಡಿಎಲ್‌ಎ ಕೊಡುವುದಿಲ್ಲ. ಅದೇ ವಯಸ್ಸಿನ ಆರೋಗ್ಯವಂತ ಮಗುವಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚಿನ ಆರೈಕೆ ಅಥವಾ ಕಾವಲು ಬೇಕಾದರೆ ಮಾತ್ರ ಕೊಡುತ್ತಾರೆ. ಆ ಅಗತ್ಯ 3 ತಿಂಗಳಿಂದ ಇದ್ದು, ಇನ್ನೂ 6 ತಿಂಗಳು ಇರುವಂತಿರಬೇಕು. ಹಗಲು ಅಥವಾ ರಾತ್ರಿ ಒಂದು ಹೊತ್ತು ಅರ್ಹವಾದರೆ ಮಧ್ಯಮ ದರ (2025–26ರಲ್ಲಿ ವಾರಕ್ಕೆ 73.90 ಪೌಂಡ್), ಎರಡೂ ಆದರೆ ಗರಿಷ್ಠ ದರ (110.40 ಪೌಂಡ್).

ಹಗಲಿನ ಕಾವಲಿಗೆ ದೊಡ್ಡ ಆಸರೆ 1987ರಲ್ಲಿ ಕೋರ್ಟ್ ಆಫ್ ಅಪೀಲ್ ಕೊಟ್ಟ ಮೊರಾನ್ ತೀರ್ಪು. ಅದು ಅಪಸ್ಮಾರದ್ದೇ ಪ್ರಕರಣ. ಮುನ್ಸೂಚನೆಯಿಲ್ಲದೆ ಫಿಟ್ಸ್ ಬಂದು ಗಂಭೀರ ಅಪಾಯವಾಗುವಂತಿದ್ದರೆ, ಫಿಟ್ಸ್ ಬಾರದ ಹೊತ್ತಿನಲ್ಲಿ ಸುಮ್ಮನೆ ಜೊತೆಗಿರುವುದೂ ಕಾವಲೇ. ಇಲಾಖೆ ಫಿಟ್ಸ್‌ನ ಸಂಖ್ಯೆ ಎಣಿಸುತ್ತಾ ಕೂತಿದ್ದರೆ ಉತ್ತರ ಇಲ್ಲಿದೆ: ಮುಂದಿನದು ಎಂದು ಬರುತ್ತದೆ ಗೊತ್ತಿಲ್ಲ, ಬಂದಾಗ ಮಗು ಮೆಟ್ಟಿಲ ಮೇಲಿದೆಯೋ ರಸ್ತೆ ದಾಟುತ್ತಿದೆಯೋ ಬಾತ್‌ಟಬ್ಬಿನಲ್ಲಿದೆಯೋ ಅದೂ ಗೊತ್ತಿಲ್ಲ. ಕೆಲವೇ ಸೆಕೆಂಡ್ ಮಂಕಾಗುವ ಆಬ್ಸೆನ್ಸ್ ಫಿಟ್ಸ್ ಆದರೂ ಸರಿ, ರಸ್ತೆಯ ನಡುವೆ ಆ ಸೆಕೆಂಡುಗಳು ಏನು ಮಾಡಬಲ್ಲವು ಎಂದು ಬಿಡಿಸಿ ಬರೆಯಿರಿ. ಮಗುವಿಗೆ 5 ವರ್ಷ ಆಗಿದ್ದರೆ ಇದೇ ಮಾತು ಡಿಎಲ್‌ಎಯ ಮೊಬಿಲಿಟಿ (ಹೊರಗಿನ ಓಡಾಟ) ಭಾಗದ ಕೆಳ ದರಕ್ಕೂ ಆಗುತ್ತದೆ.

ರಾತ್ರಿಯ ಭಾಗದಲ್ಲಿ ಹೆಚ್ಚಿನ ಅರ್ಜಿಗಳು ಬೀಳುತ್ತವೆ. ‘ಪಕ್ಕದಲ್ಲೇ ಮಲಗುತ್ತೇವೆ’ ಎಂದರೆ ಲೆಕ್ಕಕ್ಕಿಲ್ಲ. ಕಾವಲಿಗಾಗಿ ಎಚ್ಚರವಾಗಿರಬೇಕು, ಅದೂ ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ. ಹೆಚ್ಚು ಹೊತ್ತು ಎಂದರೆ ರೂಢಿಯಲ್ಲಿ ಸುಮಾರು 20 ನಿಮಿಷ. ಎದ್ದು ಆರೈಕೆ ಮಾಡುವುದಾದರೆ ರಾತ್ರಿಗೆ ಎರಡು ಸಲ ಅಥವಾ ಒಮ್ಮೆ 20 ನಿಮಿಷ. ಹಾಸಿಗೆಯ ಅಲಾರಂ ಇದೆಯಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದು ಜೋರಾದ ಅಲುಗಾಟವನ್ನು ಹಿಡಿಯುತ್ತದೆ, ಸದ್ದಿಲ್ಲದೆ ಬರುವ ಫಿಟ್ಸ್ ಅದಕ್ಕೆ ತಪ್ಪಿಹೋಗಬಹುದು ಎಂದು ಮೊದಲೇ ಬರೆದಿಟ್ಟರೆ ಒಳ್ಳೆಯದು.

ಇದನ್ನೆಲ್ಲ ತೋರಿಸಿಕೊಡುವುದು ಡೈರಿ. ‘ಮಂಗಳವಾರ ಫಿಟ್ಸ್’ ಎಂದು ಗೀಚಿದರೆ ಅದು ಡೈರಿಯಲ್ಲ. ಹೀಗಿರಲಿ: ‘ಮಂಗಳವಾರ, ಬೆಳಗಿನ ಜಾವ 3.10. ಕೈಕಾಲು ಸೆಳೆತ 2 ನಿಮಿಷ, ತುಟಿ ನೀಲಿ. ಬಲ ಮಗ್ಗುಲಿಗೆ ಹೊರಳಿಸಿದೆವು. ಹಾಸಿಗೆ ಒದ್ದೆ, ಬಟ್ಟೆ ಬದಲಾಯಿಸಿದ್ದು 3.20ಕ್ಕೆ. ಗುರುತು ಹಿಡಿದದ್ದು 3.50ಕ್ಕೆ. ಅಲ್ಲಿಯವರೆಗೂ ಎದ್ದು ಕೂತಿದ್ದೆವು. ಬೆಳಿಗ್ಗೆ ಶಾಲೆಗೆ ಹೋಗಲಿಲ್ಲ.’ ಫಿಟ್ಸ್‌ಗಿಂತ ಅದರ ಆಮೇಲಿನ ಹೊತ್ತೇ ಉದ್ದ. ಆ ನಿಮಿಷಗಳನ್ನು ಬಿಟ್ಟರೆ ಅರ್ಧ ಕೇಸು ಬಿಟ್ಟ ಹಾಗೆ. ಔಷಧಿಯ ಅಡ್ಡಪರಿಣಾಮವನ್ನೂ ಸೇರಿಸಿ. ಲೆವೆಟಿರಾಸಿಟಾಮ್ ಎಂಬ ಫಿಟ್ಸ್ ಔಷಧಿ ತೆಗೆದುಕೊಳ್ಳುವ ಕೆಲವು ಮಕ್ಕಳಿಗೆ ಸಿಟ್ಟು, ಹಟ ವಿಪರೀತವಾಗುತ್ತದೆ. ಅದನ್ನು ಸಂಭಾಳಿಸುವುದೂ ಆರೈಕೆಯೇ.

ನ್ಯೂರಾಲಜಿಸ್ಟ್ ಪತ್ರದಲ್ಲಿ ರೋಗದ ಹೆಸರು, ಔಷಧಿಯ ಪ್ರಮಾಣ ಇರುತ್ತದೆ, ಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಇರುವುದಿಲ್ಲ. ಎಪಿಲೆಪ್ಸಿ ನರ್ಸ್ ಪತ್ರಕ್ಕೆ ಇಲ್ಲಿ ಹೆಚ್ಚು ತೂಕ. ‘ದಯವಿಟ್ಟು ಬೆಂಬಲ ಪತ್ರ ಕೊಡಿ’ ಎನ್ನಬೇಡಿ. ಮುನ್ಸೂಚನೆ ಸಿಗುತ್ತದೆಯೇ, ಒಬ್ಬನೇ ಸ್ನಾನ ಮಾಡಬಹುದೇ, ಬುಕ್ಕಲ್ ಮಿಡಾಜೊಲಾಮ್ (ಫಿಟ್ಸ್ ನಿಲ್ಲಿಸಲು ಕೆನ್ನೆಯೊಳಗೆ ಹಾಕುವ ಔಷಧಿ) ಯಾವಾಗ ಕೊಡಬೇಕು, ರಾತ್ರಿ ಎಷ್ಟು ಸಲ ನೋಡಬೇಕು ಎಂದು ಪ್ರಶ್ನೆಗಳನ್ನೇ ಬರೆದುಕೊಡಿ. ಶಾಲೆಯ ಹೆಲ್ತ್‌ಕೇರ್ ಪ್ಲಾನ್ ತಪ್ಪದೆ ಲಗತ್ತಿಸಿ. ‘ಶಾಲೆಯಲ್ಲಿ ಯಾವ ತೊಂದರೆಯೂ ಇಲ್ಲ’ ಎಂಬ ಶಿಕ್ಷಕರ ಮಾತು ಅನೇಕ ಕೇಸುಗಳನ್ನು ಮುಳುಗಿಸುತ್ತದೆ. ತೊಂದರೆ ಇಲ್ಲದಿರುವುದು ಅಲ್ಲಿ ಸದಾ ಒಬ್ಬರು ಕಣ್ಣಿಟ್ಟಿರುವುದರಿಂದ ಎಂದು ಅದೇ ಶಾಲೆಯಿಂದ ಬರೆಸಿಕೊಳ್ಳಬೇಕು.

ಮರುಪರಿಶೀಲನೆಯಲ್ಲೂ ಸೋತರೆ, ಅದರ ನೋಟಿಸಿನ ತಾರೀಖಿನಿಂದ ಒಂದು ತಿಂಗಳೊಳಗೆ ಟ್ರಿಬ್ಯುನಲ್. ಆನ್‌ಲೈನ್‌ನಲ್ಲಿ ಅಥವಾ ಎಸ್‌ಎಸ್‌ಸಿಎಸ್1 ಫಾರ್ಮ್‌ನಲ್ಲಿ ಸಲ್ಲಿಸಬಹುದು. ಶುಲ್ಕವಿಲ್ಲ. ಇಂಗ್ಲಿಷ್ ತೊಡಕಾದರೆ ಫಾರ್ಮ್‌ನಲ್ಲೇ ಕನ್ನಡ ದುಭಾಷಿ ಬೇಕೆಂದು ಕೇಳಬಹುದು, ಅದಕ್ಕೂ ದುಡ್ಡಿಲ್ಲ. ಕಾಗದದ ಮೇಲಷ್ಟೇ ತೀರ್ಮಾನ ಸಾಕು ಎಂಬ ಆಯ್ಕೆಗೆ ಗುರುತು ಹಾಕಬೇಡಿ. ಹಾಜರಾಗಿ ಮಾತಾಡಿದವರಿಗೇ ಗೆಲ್ಲುವ ಅವಕಾಶ ಹೆಚ್ಚು. ಎದುರಿಗೆ ಕೂರುವವರು ಮೂವರು: ನ್ಯಾಯಾಧೀಶರು, ಒಬ್ಬ ಡಾಕ್ಟರು, ಅಂಗವೈಕಲ್ಯದ ಅನುಭವವಿರುವ ಒಬ್ಬ ಸದಸ್ಯರು. ಇಲಾಖೆಗೆ ಸಂಬಂಧವಿಲ್ಲದವರು. ಪ್ರಶ್ನೆಗಳು ನೇರ: ನಿನ್ನೆ ರಾತ್ರಿ ಯಾರು ಎದ್ದರು, ಎಷ್ಟು ಹೊತ್ತು? ಸೇವೆಗೆ ಒಳ್ಳೆಯ ಅಂಕ ಸಿಗುವುದು ಇಲ್ಲೇ. ತಿಂಗಳುಗಟ್ಟಲೆ ಕಾಯಿಸುವುದಕ್ಕೆ ಒಂದು ಅಂಕ ಕಡಿತ.

ವಿಚಾರಣೆಗೆ ಮುಂಚೆ ಇಲಾಖೆಯ ಕಾಗದಗಳ ದಪ್ಪ ಕಟ್ಟು ಬರುತ್ತದೆ. ಕಾರಣ ಬರೆದ ಪುಟವನ್ನು ಮೊದಲು ಓದಿ, ಪ್ರತಿ ಕಾರಣಕ್ಕೂ ಡೈರಿಯ ಒಂದು ದಿನವನ್ನು ಪುಟಸಂಖ್ಯೆ ಸಮೇತ ಎದುರಿಡಿ. ಟ್ರಿಬ್ಯುನಲ್ ನೋಡುವುದು ಮೂಲ ನಿರ್ಧಾರದ ದಿನ ಮಗು ಹೇಗಿತ್ತು ಎಂಬುದನ್ನು ಮಾತ್ರ. ಆಮೇಲೆ ಫಿಟ್ಸ್ ಹೆಚ್ಚಾಗಿದ್ದರೆ ಅದಕ್ಕೆ ಹೊಸ ಅರ್ಜಿಯೇ ದಾರಿ. ಕಡಿಮೆ ದರ ಈಗಾಗಲೇ ಸಿಗುತ್ತಿದ್ದು ಹೆಚ್ಚಿನದಕ್ಕೆ ಹೋಗುವವರು ಇನ್ನೊಂದು ತಿಳಿದಿರಬೇಕು: ಇರುವುದನ್ನು ಕಿತ್ತುಕೊಳ್ಳುವ ಅಧಿಕಾರವೂ ಟ್ರಿಬ್ಯುನಲ್‌ಗಿದೆ.

ವಿಚಾರಣೆಗೆ ಮುನ್ನ ಇಲಾಖೆಯಿಂದ ಫೋನ್ ಬಂದು ‘ಮಧ್ಯಮ ದರ ಕೊಡುತ್ತೇವೆ, ಒಪ್ಪಿಗೆಯೇ?’ ಎಂದು ಕೇಳಬಹುದು. ಒಪ್ಪಿದರೆ ಈ ಮೇಲ್ಮನವಿ ಅಲ್ಲಿಗೇ ಮುಗಿಯುತ್ತದೆ. ಆ ಕ್ಷಣ ಉತ್ತರಿಸುವ ಅಗತ್ಯವಿಲ್ಲ, ಯೋಚಿಸಲು ಸಮಯ ಕೇಳಿ. ರಾತ್ರಿಯ ಡೈರಿ ಗಟ್ಟಿಯಾಗಿದ್ದರೆ ಬೇಡವೆನ್ನಬಹುದು. ಒಪ್ಪಿಕೊಂಡವರು ಮಧ್ಯಮ ದರ ಬಂದ ತಕ್ಷಣ ಕೇರರ್ಸ್ ಅಲೋಯೆನ್ಸ್‌ಗೂ ಅರ್ಜಿ ಹಾಕಬೇಕು: ವಾರಕ್ಕೆ 35 ಗಂಟೆ ಆರೈಕೆ ಮಾಡುವ, ಗಳಿಕೆ ಮಿತಿಯೊಳಗಿರುವ ಪೋಷಕರಿಗೆ ಅದು ಬೇರೆಯೇ ಭತ್ಯೆ, ಕೇಳದೆ ಬರುವುದಿಲ್ಲ.