ಡಿಡಿ ಫ್ರೀ ಡಿಶ್: ಕೊಳ್ಳುವ ಮುನ್ನ ಬಾಕ್ಸ್ ಯಾವುದೆಂದು ಕೇಳಿ

ನಮ್ಮದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಮಾಳಿಗೆಯ ಆಂಟೆನಾದಲ್ಲೇ ದೂರದರ್ಶನ ನೋಡುತ್ತಿದ್ದೆವು. 2022ರ ಮಾರ್ಚ್ ವೇಳೆಗೆ, ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟು, ದೇಶದ ಬಹುತೇಕ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ನಿಂತವು. ಡಿವಿಬಿ-ಟಿ2 ಎಂಬ ಡಿಜಿಟಲ್ ಭೂಪ್ರಸಾರ ಬೆಂಗಳೂರಿನಂಥ ನಗರಗಳಿಗೆ ಬಂದರೂ ನಮ್ಮ ಕಡೆ ಸುಳಿಯಲಿಲ್ಲ. ಅಂದಿನಿಂದ ಈ ಮನೆಯ ಟಿ.ವಿ. ನಡೆಯುತ್ತಿರುವುದು ಡಿಡಿ ಫ್ರೀ ಡಿಶ್‌ನಿಂದ, ಅಂದರೆ ಉಪಗ್ರಹದ ಮೂಲಕ ಬರುವ ದೂರದರ್ಶನದ ಉಚಿತ ಸೇವೆಯಿಂದ.

ಡಿಶ್ ಮತ್ತು ಸೆಟ್‌-ಟಾಪ್ ಬಾಕ್ಸ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ರೀಚಾರ್ಜ್ ಮಾತೇ ಇಲ್ಲ. ಈ ಚಾನೆಲ್‌ಗಳನ್ನು ಕಳಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಇಲ್ಲಿಂದ ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು. ಆ ದಿಕ್ಕಿಗೆ ತೆಂಗಿನ ಗರಿ ಅಡ್ಡ ಬರದಂತೆ ನೋಡಿಕೊಳ್ಳಿ. ಹಿಂಗಾರಿನ ಮೋಡ ಆ ಕಡೆಯಿಂದಲೇ ಏರಿ ಬಂದಾಗ, ಅಂಗಳಕ್ಕೆ ಹನಿ ಬೀಳುವ ಮೊದಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಮಳೆ ನಿಂತರೆ ತಾನಾಗಿಯೇ ಸರಿಹೋಗುತ್ತದೆ. ಬಿಸಿಲಿನಲ್ಲೂ ಹಾಗಾದರೆ ಡಿಶ್‌ನ ಮುಂದೆ ಸಂಕೇತ ಹಿಡಿಯುವ ಎಲ್‌ಎನ್‌ಬಿಗೆ ಕೇಬಲ್ ಸೇರುವ ಪಿನ್ ನೋಡಿ. ನಮ್ಮಲ್ಲಿ ಅದರ ತಾಮ್ರದ ತಂತಿ ಹಸಿರುಗಟ್ಟಿತ್ತು. ತುದಿ ಕತ್ತರಿಸಿ, ಹೊಸ ಪಿನ್ ಹಾಕಿ, ಟೇಪ್ ಸುತ್ತಿದ ಮೇಲೆ ತೊಂದರೆಯಿಲ್ಲ.

ನನಗೆ ಸಿಟ್ಟು ಬರುವುದು ಬಾಕ್ಸ್ ಮಾರುವ ರೀತಿಗೆ. “ನಿಮ್ಮಲ್ಲಿ ಬರುವ ಚಾನೆಲ್ ನಮ್ಮಲ್ಲಿ ಯಾಕಪ್ಪಾ ಬರುವುದಿಲ್ಲ?” ಎಂದು ಪಕ್ಕದ ಮನೆಯ ದೊಡ್ಡಪ್ಪ ಕೇಳಿದರು. ನೋಡಿದರೆ ಅಂಗಡಿಯವನು ಅವರಿಗೆ ಹಳೆಯ ಎಂಪೆಗ್-2 ಬಾಕ್ಸ್ ಕೊಟ್ಟು ಕಳಿಸಿದ್ದ. ಎಂಪೆಗ್ ಎಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ. ಅವರಿಗೆ ಬಾರದ ಚಾನೆಲ್‌ಗಳು ಬರುವುದು ಹೊಸ ಎಂಪೆಗ್-4ರಲ್ಲಿ. ಅದು ಚಿತ್ರವನ್ನು ಇನ್ನಷ್ಟು ಕುಗ್ಗಿಸಿ ಕಳಿಸುವುದರಿಂದ ಅಷ್ಟೇ ತರಂಗದಲ್ಲಿ ಹೆಚ್ಚು ಚಾನೆಲ್ ಹಿಡಿಸುತ್ತವೆ. ಹಳೆಯ ಬಾಕ್ಸ್‌ನ ಚಿಪ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ. ಎಷ್ಟು ಸಲ ಟ್ಯೂನ್ ಮಾಡಿದರೂ ವ್ಯರ್ಥ. ಎಂಪೆಗ್-4 ಬಾಕ್ಸ್‌ನಲ್ಲಾದರೆ ಎರಡೂ ಬರುತ್ತವೆ. ಕೂಲಿಯ ದುಡ್ಡಿನಲ್ಲಿ ಕೊಂಡವರಿಗೆ ಈ ಒಂದು ಮಾತು ಹೇಳದೆ ಮಾರುವುದು ಮೋಸವೇ ಸರಿ.

ಚಾನೆಲ್‌ಗಳ ಪಟ್ಟಿಯಲ್ಲಿ ಹಿಂದಿಯದೇ ಭರಾಟೆ. ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿಯಬೇಕು, ಕನ್ನಡದವು ಬೆರಳೆಣಿಕೆಯಷ್ಟು. ಚಂದನ ಇಲ್ಲದಿದ್ದರೆ ಅಮ್ಮನಿಗೆ ಈ ಡಿಶ್ ಬೇಕೇ ಇರಲಿಲ್ಲ. ದಸರೆಯ ಜಂಬೂಸವಾರಿ ನೇರಪ್ರಸಾರದ ದಿನ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಈಗ ಇಂಟರ್ನೆಟ್ ಇಲ್ಲದೆ ಮೊಬೈಲ್‌ಗೇ ಟಿ.ವಿ. ತಲುಪಿಸುವ ಡಿ2ಎಂ ಪ್ರಯೋಗ ಬೆಂಗಳೂರಿನಲ್ಲೂ ನಡೆದಿದೆ. ಅದರ ಬುನಾದಿ ಅಮೆರಿಕ, ದಕ್ಷಿಣ ಕೊರಿಯಾಗಳಲ್ಲಿರುವ ಎಟಿಎಸ್‌ಸಿ 3.0 ಎಂಬ ಡಿಜಿಟಲ್ ಪ್ರಸಾರ ಪದ್ಧತಿ. ಅಲ್ಲಿಯೂ ಹಳೆಯ ಟ್ಯೂನರ್ ಹೊಸ ಪ್ರಸಾರವನ್ನು ಹಿಡಿಯುವುದಿಲ್ಲ. ಅದು ಬರಲಿ, ಸಂತೋಷ. ಆದರೆ ಯಾವ ಉಪಕರಣ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ತಿಂಗಳುಗಳ ಮೊದಲೇ ಚಂದನದಲ್ಲಿ, ಕನ್ನಡದಲ್ಲಿ, ದಿನವೂ ಹೇಳಬೇಕು.