ಹೊಸಪೇಟೆ ಧೂಳು, ಕಪ್ಪು ಕಾರು ಮತ್ತು ಮೆಗ್ವಯರ್ಸ್ 205

ಕಾರ್ ಪಾಲಿಶ್ ಬಾಟಲಿ ಮೇಲೆ ಏನೇನೋ ಬರೆದಿರುತ್ತಾರೆ. ಕನ್ನಡಿ ಹೊಳಪು, ನ್ಯಾನೋ, ಷೋರೂಂ ಲುಕ್. ಒಳಗೆ ಎಂಥ ಪುಡಿ ಹಾಕಿದ್ದಾರೆ, ಅದು ಪೇಂಟ್ ಮೇಲೆ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಮಾತ್ರ ಬರೆಯಲ್ಲ. ನನಗೆ ಬೇಕಾಗಿದ್ದು ಅದೇ. ಇದು ಮೆಗ್ವಯರ್ಸ್ ಕಂಪನಿಯ 205 ಫಿನಿಶಿಂಗ್ ಪಾಲಿಶ್‌ನ, ಅಂದರೆ ಕೊನೇ ಹಂತದಲ್ಲಿ ಹೊಳಪು ಕೊಡುವ ಪಾಲಿಶ್‌ನ ವಿಮರ್ಶೆ. ಆದರೆ ಅರ್ಧಕ್ಕಿಂತ ಜಾಸ್ತಿ ಅದರೊಳಗಿನ ಪುಡಿ ಬಗ್ಗೆಯೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಾನಿರೋದು ಹೊಸಪೇಟೆಯಲ್ಲಿ. ಕಾರು ಸೆಕೆಂಡ್ ಹ್ಯಾಂಡ್, ಬಣ್ಣ ಕಪ್ಪು. ಅದಿರು ಲಾರಿ ಓಡಾಡುವ ರಸ್ತೆಯಲ್ಲೇ ಕೆಲಸಕ್ಕೆ ಹೋಗಬೇಕು. ಸಂಜೆ ಹೊತ್ತಿಗೆ ಬಾನೆಟ್ ಮೇಲೆ ಕೆಂಪು ಪದರ ಕೂತಿರುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಹೆಮಟೈಟ್ ಅದಿರು, ಕ್ವಾರ್ಟ್ಜ್ ಎರಡೂ ಪಟ್ಟೆ ಪಟ್ಟೆಯಾಗಿ ಸೇರಿಕೊಂಡಿವೆ. 1ರಿಂದ 10ರವರೆಗಿನ ಮೊಹ್ಸ್ ಮಾಪಕದಲ್ಲಿ ಹೆಮಟೈಟ್‌ನ ಗಡಸುತನ ಸುಮಾರು 6, ಕ್ವಾರ್ಟ್ಜ್‌ನದು 7. ಕಾರಿನ ಕ್ಲಿಯರ್‌ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅದರ ಮುಂದೆ ತೀರಾ ಮೆತ್ತಗೆ. ಅಂದಮೇಲೆ ಒಣ ಬಟ್ಟೆ ಹಿಡಿದು ಬೆಳಗ್ಗೆ ಬೆಳಗ್ಗೆ ಕಾರು ಒರೆಸೋರು ಬಿಟ್ಟಿಯಾಗಿ ಕಾಂಪೌಂಡ್ (ಪೇಂಟ್ ಸವೆಸುವ ಒರಟು ಪಾಲಿಶ್) ಹಾಕಿ ತಿಕ್ಕುತ್ತಿದ್ದಾರೆ ಅಂತಲೇ ಅರ್ಥ. "ದಿನಾ ಒರೆಸಿ ಇಟ್ಟ ಗಾಡಿ" ಅಂತ ಹಿಂದಿನ ಓನರ್ ಹೆಮ್ಮೆಯಿಂದ ಹೇಳಿದ್ದರು. ಬಿಸಿಲಿಗೆ ನಿಲ್ಲಿಸಿದರೆ ಆ ಹೆಮ್ಮೆಯೆಲ್ಲ ಸುತ್ತು ಗೀರುಗಳಾಗಿ ಎದ್ದು ಕಾಣುತ್ತಿತ್ತು.

ತಮಾಷೆ ಏನಂದರೆ, ಚಿನ್ನದ ಒಡವೆಗೆ ಹೊಳಪು ಕೊಡೋಕೆ ಬಳಸುವ ಕೆಂಪು ರೂಜ್ ಕೂಡ ಐರನ್ ಆಕ್ಸೈಡೇ. ಅದನ್ನು ತೀರಾ ನುಣ್ಣಗೆ ಮಾಡಿರುತ್ತಾರೆ. ಲಾರಿಯಿಂದ ಉದುರಿದ್ದು ಹಾಗಿರಲ್ಲ. ಒಂದೇ ಪದಾರ್ಥ, ಕಾಳು ದಪ್ಪವಿದ್ದರೆ ಗೀರುತ್ತದೆ, ನುಣ್ಣಗಿದ್ದರೆ ಹೊಳಪು ಕೊಡುತ್ತದೆ.

ಈ ಗೀರು ತೆಗೆಸೋಕೆ ಮೊದಲು ಒಂದು ಸರ್ವೀಸ್ ಸೆಂಟರ್‌ಗೆ ಬಿಟ್ಟಿದ್ದೆ. ವಾಪಸ್ ಕೊಟ್ಟ ದಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಕೆಲವೇ ವಾಶ್ ಆಗಿದ್ದು, ಗೀರುಗಳೆಲ್ಲ ಹಾಜರ್! ಅವು ಹೋಗಿರಲೇ ಇಲ್ಲ. ಕೆಲವು ಪಾಲಿಶ್‌ಗಳಲ್ಲಿ ಕಾವೊಲಿನ್ ಥರದ ನುಣ್ಣನೆ ಜೇಡಿಪುಡಿ, ಎಣ್ಣೆ, ವ್ಯಾಕ್ಸ್ ಸೇರಿರುತ್ತವೆ. ಅವು ಗೀರಿನ ಸಂದಿಯಲ್ಲಿ ಕೂತು ಬೆಳಕನ್ನು ಏಮಾರಿಸುತ್ತವೆ, ಶಾಂಪೂ ಬಿದ್ದರೆ ಮೆಲ್ಲಗೆ ಜಾಗ ಖಾಲಿ ಮಾಡುತ್ತವೆ. ಮುಂದಿನ ವಾರ ಕಾರು ಮಾರೋರಿಗೆ ಇದು ಸಾಕು. ಗೀರು ತೆಗೆಯುತ್ತೇವೆ ಅಂತ ಹೇಳಿ ಬಿಲ್ ಮಾಡೋದಿದೆಯಲ್ಲ, ನನ್ನ ಸಿಟ್ಟು ಅದರ ಮೇಲೆ. ನೀವು ಮಾಡಿಸಿದರೆ ಗಾಡಿ ತಗೊಳ್ಳುವಾಗಲೇ ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒಂದು ಮೂಲೆ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ನಿಜ ಗೊತ್ತಾಗುತ್ತದೆ.

ಆಮೇಲೆ ನಮ್ಮ ಏರಿಯಾದ ಪೇಂಟಿಂಗ್ ಶೆಡ್ ಮೇಸ್ತ್ರಿ ಹತ್ತಿರ ಹೋದೆ. ಅವರ ಪದ್ಧತಿ ಹಳೆಯದು: ವಾಟರ್ ಪೇಪರ್, ಆಮೇಲೆ ಡಬ್ಬಿ ಕಾಂಪೌಂಡ್, ಉಣ್ಣೆ ಪ್ಯಾಡ್ ಹಾಕಿದ ಬಫಿಂಗ್ ಮೆಷಿನ್. "ಕಪ್ಪು ಗಾಡಿ ಇಟ್ಕೊಂಡ್ರೆ ಹಿಂಗೇ ಸಾರ್, ಎಷ್ಟು ತಿಕ್ಕಿದ್ರೂ ಕಾಣ್ತದೆ" ಅಂದರು. ಅವರ ಕೈಚಳಕ ನೋಡಿದಾಗಲೇ ನನಗೆ ಈ ಪುಡಿಯ ಹುಚ್ಚು ಹಿಡಿದಿದ್ದು.

ಪಾಲಿಶ್‌ಗಳಲ್ಲಿ ಹೆಚ್ಚಾಗಿ ಕೆಲಸ ಮಾಡೋದು ಅಲ್ಯೂಮಿನಿಯಂ ಆಕ್ಸೈಡ್. ಗಡಸುತನ 9, ಮಾಣಿಕ್ಯ ಮತ್ತು ನೀಲದಲ್ಲಿ ಇರೋದೂ ಇದೇ. ವಾಟರ್ ಪೇಪರ್‌ನ ಕಪ್ಪು ಪುಡಿ ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್, ಅದು ಇನ್ನೂ ಗಟ್ಟಿ, ಅಂಚು ಚೂಪು. ಮೆದು ಪಾಲಿಶ್‌ಗಳಲ್ಲಿ ಸಿಲಿಕಾ, ಡಯಾಟಮ್ ಮಣ್ಣು ಇವೆಲ್ಲ ಬರುತ್ತವೆ. ಟೂತ್‌ಪೇಸ್ಟ್ ಹಚ್ಚಿ ಗೀರು ತೆಗೆಯುವ ವಿಡಿಯೋ ನೋಡಿರುತ್ತೀರಿ ಅಲ್ವಾ? ಅದರೊಳಗೂ ಕ್ಯಾಲ್ಸಿಯಂ ಕಾರ್ಬೊನೇಟೋ ಸಿಲಿಕಾವೋ ಇರುತ್ತದೆ. ಹಲ್ಲಿಗೆ ಅಂತ ಮಾಡಿದ್ದು, ಹಲ್ಲಿಗೇ ಇರಲಿ.

ಗಡಸುತನಕ್ಕಿಂತ ಮುಖ್ಯವಾದದ್ದು ಒಂದಿದೆ. ತಿಕ್ಕುವಾಗ ಪುಡಿ ಒಡೆಯುತ್ತದೋ ಇಲ್ಲವೋ ಅನ್ನೋದು. ಹಳೇ ಥರದ ಬಹಳಷ್ಟು ಕಾಂಪೌಂಡ್‌ಗಳಲ್ಲಿ ಒಣಗಿದ ಬೆಲ್ಲದ ಉಂಡೆ ಒತ್ತಿದರೆ ಪುಡಿಯಾಗುವ ಹಾಗೆ, ಕಾಳು ಶುರುವಿನಲ್ಲಿ ದಪ್ಪ ಇದ್ದು ತಿಕ್ಕುತ್ತಾ ತಿಕ್ಕುತ್ತಾ ಚೂರಾಗುತ್ತದೆ. ಮೊದಲು ಕತ್ತರಿಸುತ್ತದೆ, ಕೊನೆಗೆ ಹೊಳಪು ಕೊಡುತ್ತದೆ. ಚೆನ್ನಾಗಿ ಪಳಗಿದ ಕೈಗೆ ಇದು ಒಳ್ಳೆಯ ಸಾಮಾನು, ಒಂದೇ ಡಬ್ಬಿಯಲ್ಲಿ ಎರಡು ಕೆಲಸ. ಆದರೆ ಪೂರ್ತಿ ಒಡೆಯುವ ತನಕ ತಿಕ್ಕಲೇಬೇಕು. ನಡುವೆ ನಿಲ್ಲಿಸಿದರೆ ಅರ್ಧ ಒಡೆದ ಕಾಳಿನ ಗುರುತು ಮಂಜು ಮಂಜಾಗಿ ಉಳಿಯುತ್ತದೆ. ನಮ್ಮ ಬಿಸಿಲು ಗೊತ್ತಲ್ಲ. ಏಪ್ರಿಲ್‌ನಲ್ಲಿ ಬಾನೆಟ್ ಮುಟ್ಟೋಕಾಗಲ್ಲ. ಪುಡಿ ಒಡೆಯೋ ಮೊದಲೇ ಎಣ್ಣೆ ಆರಿ, ಕಾಂಪೌಂಡ್ ಪೇಂಟಿಗೆ ಅಂಟಿಕೊಳ್ಳುತ್ತದೆ.

205ರ ಪುಡಿ ಇದಕ್ಕೆ ಉಲ್ಟಾ. ಶುರುವಿನಿಂದಲೇ ಕಾಳು ತೀರಾ ಸಣ್ಣ, ಹೆಚ್ಚುಕಮ್ಮಿ ಒಂದೇ ಗಾತ್ರ. ಕಂಪನಿಯವರು ಇದನ್ನು ಸೂಪರ್ ಮೈಕ್ರೋ ಅಬ್ರೇಸಿವ್ ಅಂತ ಕರೆಯುತ್ತಾರೆ. ಅದು ಒಡೆದು ಸಣ್ಣದಾಗಲಿ ಅಂತ ಕಾಯಬೇಕಿಲ್ಲ. ನನಗೆ ಇಷ್ಟವಾಗಿದ್ದು ಇದೊಂದೇ ಗುಣ, ಮಿಕ್ಕಿದ್ದೆಲ್ಲ ಆಮೇಲೆ. ಮಗಳು ಕರೆದಳು, ಗ್ಯಾಸ್ ಸಿಲಿಂಡರ್‌ನವನು ಬಂದ, ಮೆಷಿನ್ ಆಫ್ ಮಾಡಿ ಒರೆಸಿ ಎದ್ದು ಹೋಗಬಹುದು. ಅಷ್ಟು ಹೊತ್ತಿಗೆ ಎಷ್ಟು ಗೀರು ಹೋಗಿದೆಯೋ ಅಷ್ಟು ಹೋಗಿದೆ, ಹೊಳಪು ಹಾಗೇ ಇದೆ. ಎಷ್ಟು ಕತ್ತರಿಸಬೇಕು ಅನ್ನೋದನ್ನು ಪ್ಯಾಡ್ ಮತ್ತು ಕೈಯ ಒತ್ತಡದಿಂದ ನಾವೇ ತೀರ್ಮಾನಿಸುತ್ತೇವೆ. ಮೆತ್ತನೆ ಫೋಮ್ ಹಾಕಿದರೆ ಬರೀ ಹೊಳಪು, ಮೈಕ್ರೋಫೈಬರ್ ಪ್ಯಾಡ್ ಹಾಕಿದರೆ ಅದೇ ಪಾಲಿಶ್ ಸಣ್ಣ ಕಾಂಪೌಂಡ್ ಆಗುತ್ತದೆ.

ಭಾನುವಾರ ಬಿಸಿಲು ಏರೋ ಮುಂಚೆ ಶುರು. ಎರಡು ಬಕೆಟ್, ಒಂದರಲ್ಲಿ ಶಾಂಪೂ, ಇನ್ನೊಂದು ಬಟ್ಟೆ ಜಾಲಾಡಿಸೋಕೆ. ನೀರು ಒರೆಸಿದ ಮೇಲೆ ಕ್ಲೇ ಬಾರ್, ಅಂದರೆ ಪೇಂಟಿಗೆ ಅಂಟಿದ ಕಣಗಳನ್ನು ಎಳೆದು ತೆಗೆಯುವ ಮೆತ್ತನೆ ಜೇಡಿ ಉಂಡೆ. ಅದಿರು ಧೂಳಿನ ಊರಲ್ಲಿ ಇದನ್ನು ಬಿಡೋ ಹಾಗೇ ಇಲ್ಲ. ಕ್ಲೇ ತಿರುವಿ ನೋಡಿದರೆ ಕೆಂಪು ಚುಕ್ಕೆಗಳು ಕಾಣುತ್ತವೆ. ರಬ್ಬರ್ ಬೀಡಿಂಗ್‌ಗೆ, ಕಪ್ಪು ಪ್ಲಾಸ್ಟಿಕ್‌ಗೆ ಮಾಸ್ಕಿಂಗ್ ಟೇಪ್. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಪುಡಿ ತಳದಲ್ಲಿ, ಎಣ್ಣೆ ಮೇಲೆ. ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಮೂರು ನಾಲ್ಕು ಹನಿ. ಒಂದೂವರೆ ಅಡಿ ಚೌಕ ಮಾತ್ರ ಒಂದು ಸಲಕ್ಕೆ. ಮೆಷಿನ್ ಆನ್ ಮಾಡೋ ಮೊದಲು ಪಾಲಿಶನ್ನು ಸವರಿ ಹರಡುತ್ತೇನೆ, ಆಮೇಲೆ ನಿಧಾನವಾಗಿ ಉದ್ದಕ್ಕೆ, ಅಡ್ಡಕ್ಕೆ. ಪ್ಯಾಡ್ ಹಿಂದಿನ ಪ್ಲೇಟ್ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ. ಗೆರೆ ತಿರುಗೋದು ನಿಂತರೆ ನಾನು ಜಾಸ್ತಿ ಒತ್ತುತ್ತಿದ್ದೇನೆ ಅಂತ ಲೆಕ್ಕ. ಬೆಳ್ಳಗಿದ್ದ ಪದರ ತೆಳುವಾಗಿ ಗಾಜಿನ ಹಾಗೆ ಆದಾಗ ನಿಲ್ಲಿಸಿ ಮೈಕ್ರೋಫೈಬರ್‌ನಲ್ಲಿ ಒರೆಸೋದು, ಟಾರ್ಚ್ ಹಿಡಿಯೋದು.

ಒಡೆಯದ ಪುಡಿಯ ಒಂದು ಕಾಟವೂ ಇದೆ. ಪ್ರತಿ ಪ್ಯಾನಲ್ ಮುಗಿದ ಮೇಲೆ ಬ್ರಷ್‌ನಲ್ಲಿ ಪ್ಯಾಡ್ ಉಜ್ಜಿ ಕ್ಲೀನ್ ಮಾಡಲೇಬೇಕು. ಪೇಂಟಿನಿಂದ ಕಿತ್ತ ಚೂರು, ಹಳೇ ಪಾಲಿಶ್ ಎಲ್ಲ ಪ್ಯಾಡ್‌ನಲ್ಲಿ ಉಂಡೆಕಟ್ಟಿದರೆ ಅದೇ ಹೊಸ ಗೀರು ಹಾಕುತ್ತದೆ. ಬೇಜಾರಿನ ಕೆಲಸ. ಎರಡು ಮೂರು ಪ್ಯಾಡ್ ಇಟ್ಟುಕೊಂಡರೆ ಸಲೀಸು, ಆದರೆ ಪ್ಯಾಡ್‌ಗೂ ದುಡ್ಡು ಬೇಕಲ್ಲ.

ಇಲ್ಲಿಗೆ ಬಂದಾಗಲೇ ನನ್ನ ಉತ್ಸಾಹ ಸ್ವಲ್ಪ ಇಳಿಯೋದು. ಬಾಟಲಿ ಒಂದೇ ತಗೊಂಡರೆ ಮುಗಿಯಲ್ಲ. ಡ್ಯುಯಲ್ ಆಕ್ಷನ್ ಮೆಷಿನ್ (ಪ್ಯಾಡ್ ತಿರುಗುತ್ತಲೇ ಅಲುಗಾಡುವ ಪಾಲಿಶ್ ಮೆಷಿನ್), ಪ್ಯಾಡ್, ಕ್ಲೇ, ಬಟ್ಟೆ, ಟೇಪ್. ಕೈಯಲ್ಲೇ ತಿಕ್ಕಿದರೆ ಕಪ್ಪು ಪೇಂಟಿನ ಸುತ್ತು ಗೀರು ಅಷ್ಟಾಗಿ ಹೋಗಲ್ಲ, ತೋಳು ಹೋಗುತ್ತದೆ. ನಾನು ಮೆಷಿನನ್ನು ಭಾವಮೈದನ ಜೊತೆ ಅರ್ಧರ್ಧ ಹಾಕಿ ತಗೊಂಡೆ. ಹಾಗಿದ್ದೂ ಮನೆಯಲ್ಲಿ ಆ ಲೆಕ್ಕ ಆಗಾಗ ಏಳುತ್ತದೆ.

ಇನ್ನೊಂದು, ಕ್ಲಿಯರ್‌ಕೋಟ್ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪುಡಿ ಎಷ್ಟೇ ನುಣ್ಣಗಿದ್ದರೂ ಗೀರು ಹೋಗುವುದು ಸುತ್ತಲಿನ ಪೇಂಟ್ ಸವೆದು ಆ ಮಟ್ಟಕ್ಕೆ ಇಳಿದಾಗಲೇ. ಹೊಳೆಯುತ್ತದೆ ಅಂತ ತಿಂಗಳಿಗೊಮ್ಮೆ ಸುಮ್ನೆ ಮೆಷಿನ್ ಹಿಡಿಯೋ ಸಾಮಾನಲ್ಲ ಇದು. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿಗೆ ಇದು ಮದ್ದೂ ಅಲ್ಲ. ಅಂಥದ್ದು ನನ್ನ ಹಿಂಬಾಗಿಲ ಮೇಲೆ ಒಂದಿದೆ. ಇರಲಿ ಅಂತ ಬಿಟ್ಟಿದ್ದೇನೆ.

ಪುಡಿಯ ಹೆಸರು ತಿಳಿಯಬೇಕಾದರೆ ಕಂಪನಿಗಳ ಸೇಫ್ಟಿ ಡೇಟಾ ಶೀಟ್ ಹುಡುಕಿ. ರಾಸಾಯನಿಕದ ಹೆಸರು ಸಿಗಬಹುದು, ಕಾಳಿನ ಗಾತ್ರ ಸಿಗೋದು ಕಷ್ಟ. ಪುಡಿ ಗುರುತಿಸೋದು ದೊಡ್ಡವರಿಗೂ ಸುಲಭ ಆಗಿರಲಿಲ್ಲ ಅನ್ನಿ. 2013ರಲ್ಲಿ ಮೆಗ್ವಯರ್ಸನ್ನು ಕೊಂಡ 3ಎಂ ಕಂಪನಿ 1902ರಲ್ಲಿ ಶುರುವಾಗಿದ್ದೇ ಅಮೆರಿಕದ ಮಿನ್ನೆಸೋಟದಲ್ಲಿ ಕೊರಂಡಮ್, ಅಂದರೆ ನೆಲದಲ್ಲಿ ಸಿಗುವ ಅಲ್ಯೂಮಿನಿಯಂ ಆಕ್ಸೈಡ್, ಅಗೆಯೋಕೆ. ಅಗೆದ ಮೇಲೆ ನೋಡಿದರೆ ಆ ಕಲ್ಲು ಕೊರಂಡಮ್ಮೇ ಅಲ್ಲ. ನೀರು ಹಾಕಿ ತಿಕ್ಕುವ ವಾಟರ್ ಪೇಪರ್ ಅವರು ಮಾರುಕಟ್ಟೆಗೆ ತಂದಿದ್ದು 1921ರಲ್ಲಿ.

ಮೇಸ್ತ್ರಿಗೆ ಒಂದು ಸಣ್ಣ ಡಬ್ಬಿಯಲ್ಲಿ 205 ಹಾಕಿಕೊಟ್ಟೆ. ಅವರು ಮೊದಲು ಕೇಳಿದ್ದು, "ಸಿಲಿಕೋನ್ ಇದೆಯಾ ಸಾರ್ ಇದ್ರಾಗೆ?" ಸಿಲಿಕೋನ್ ಎಣ್ಣೆ ಶೆಡ್‌ನಲ್ಲಿ ಹರಡಿದರೆ ಹೊಸ ಪೇಂಟ್ ಮೇಲೆ ಗುಳಿ ಬೀಳುತ್ತದೆ, ಅದಕ್ಕೆ. ಇದು ಬಾಡಿಶಾಪ್‌ನಲ್ಲಿ ಬಳಸೋಕೆ ಅಂತಲೇ ಮಾಡಿದ್ದು, ಆ ಭಯವಿಲ್ಲ. ಈಗ ಅವರು ದಪ್ಪ ಕೆಲಸಕ್ಕೆ ತಮ್ಮ ಕಾಂಪೌಂಡೇ ಬಳಸುತ್ತಾರೆ, ಗಾಢ ಬಣ್ಣದ ಗಾಡಿ ಬಂದರೆ ಕೊನೇ ಕೈ ಇದರಲ್ಲಿ.

ಬಿಳಿ, ಸಿಲ್ವರ್ ಕಾರಿನವರು ಕೇಳಿದರೆ ಬೇಡ ಅಂತೀನಿ. ಅವುಗಳ ಮೇಲೆ ಈ ಗೀರು ಅಷ್ಟಾಗಿ ಕಾಣೋದೇ ಇಲ್ಲ, ಒಳ್ಳೇ ವ್ಯಾಕ್ಸ್ ಸಾಕು. ಕಪ್ಪು, ಕಡುನೀಲಿ ಕಾರಿದ್ದು ಭಾನುವಾರ ಕೈ ಖಾಲಿ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಗಾಜಿನ ಮೇಲಿನ ಬೋರ್ ನೀರಿನ ಬಿಳಿ ಕಲೆಗೆ ಮಾತ್ರ ಇದನ್ನು ನಂಬಬೇಡಿ. ಅದಕ್ಕೆ ಸೀರಿಯಂ ಆಕ್ಸೈಡ್ ಪುಡಿಯೇ ಬೇಕು, ನೀರಲ್ಲಿ ಕಲಸಿ, ಬೇರೆ ಪ್ಯಾಡ್‌ನಲ್ಲಿ.